ಹಡಗಿನ ಅರ್ಜಿ

ಬಸ್ಸು ಅರಸೀಕೆರೆಯ ಪೇಟೆ ದಾಟಿ ಜಾವಗಲ್ಲಿನ ರಸ್ತೆಗೆ ಹೊರಳಿಕೊಳ್ಳುವಾಗ ಬಸವಕುಮಾರನ ತಲೆಯಲ್ಲಿ ಅರ್ಜಿಯ ಒಂಬತ್ತನೆಯ ಪ್ರಶ್ನೆ ಕೂತಿತ್ತು. ನಿಮ್ಮ ಮಗು ತಂದೆತಾಯಿ ಜೊತೆಗಿಲ್ಲದೆ, ಗೊತ್ತಿಲ್ಲದವರ ನಡುವೆ, ಎರಡು ಗಂಟೆ ಹೊತ್ತು ಇರಬಲ್ಲದೆ? ಮುಂದೆ ಎರಡು ಚೌಕ: ಹೌದು, ಇಲ್ಲ. ಹಡಗಿನ ಕಂಪನಿಯವರು ಇಂಗ್ಲಿಷಿನಲ್ಲಿ ಕೇಳಿದ್ದನ್ನು ಅವನು ಮೂರು ದಿನದಿಂದ ಕನ್ನಡದಲ್ಲಿ ಹೊತ್ತು ತಿರುಗುತ್ತಿದ್ದ. ಮುಂದಿನ ಸೀಟಿನ ಕಿಟಕಿಯ ಪಕ್ಕದಲ್ಲಿ ಒಂಬತ್ತು ವರ್ಷದ ನಯನಾ, ಅವಳಿಗೆ ಒತ್ತಿಕೊಂಡು ಅವನ ಹೆಂಡತಿ ಉಷಾರಾಣಿ. ಹಿಂದಿನ ಸೀಟಿನಲ್ಲಿ ಅವನು ಮತ್ತು ಎಂಟನೇ ಕ್ಲಾಸಿನ ಸ್ವಾತಿ. ನಯನಾ ಬೆರಳುಗಳನ್ನು ಕಣ್ಣಿನ ಮುಂದೆ ಬಾಚಣಿಗೆಯ ಹಲ್ಲುಗಳಂತೆ ಬಿಡಿಸಿ ಹಿಡಿದು, ಅವುಗಳ ಸಂದಿಯಿಂದ ಓಡುವ ತೆಂಗಿನ ಮರಗಳನ್ನು ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ಸ್ಪಷ್ಟವಾಗಿ, ದೊಡ್ಡ ದನಿಯಲ್ಲಿ ಹೇಳಿದಳು: “ದಯವಿಟ್ಟು ಗಮನಿಸಿ. ಗಾಡಿ ಸಂಖ್ಯೆ ಒಂದು ಏಳು ಮೂರು. ಎರಡನೇ ಪ್ಲಾಟ್‌ಫಾರಂ.” ಅವರ ಮನೆ ರೈಲ್ವೆ ಸ್ಟೇಷನ್ನಿನ ಹಿಂದುಗಡೆಯೇ ಇತ್ತು. ಮಾತು ಬರದ ಮಗು ಎಂದು ಬೆಂಗಳೂರಿನ ಡಾಕ್ಟರು ಬರೆದುಕೊಟ್ಟ ಮೇಲೆ ಅವಳು ಕಲಿತ ಮೊದಲ ವಾಕ್ಯ ಅದು. ಪಕ್ಕದ ಸಾಲಿನಲ್ಲಿದ್ದ ಮುದುಕಿಯೊಬ್ಬಳು ತಿರುಗಿ ನೋಡಿದಳು. ಬಸವಕುಮಾರನ ತುಟಿ ತಾನೇತಾನಾಗಿ ಅಗಲವಾಯಿತು. ಯಾರು ನೋಡಿದರೂ ಕ್ಷಮೆ ಕೇಳುವಂಥ ಆ ನಗೆ ಅವನ ಮುಖದಲ್ಲಿ ಎಷ್ಟು ವರ್ಷದಿಂದ ಮನೆಮಾಡಿತ್ತೆಂದರೆ, ಒಂದು ದಿನ ಕಾಲೇಜಿನ ಸ್ಟಾಫ್‌ರೂಮಿನಲ್ಲಿ ಒಬ್ಬನೇ ಕೂತಿದ್ದಾಗಲೂ ಅದು ಬಂದು ಹೋದದ್ದನ್ನು ಅವನು ಕಂಡುಹಿಡಿದಿದ್ದ.

ಹಡಗು ಸ್ವಾತಿಯ ಆಸೆ. ಅವಳ ರಜೆಗಳೆಲ್ಲ ತಂಗಿಯ ಥೆರಪಿ ನಡೆಯುವ ಹಾಸನದ ಕಟ್ಟಡದ ಪ್ಲಾಸ್ಟಿಕ್ ಕುರ್ಚಿಗಳಲ್ಲೇ ಕಳೆದಿದ್ದವು. ಯಾವತ್ತೂ ಏನನ್ನೂ ಕೇಳದವಳು ಸಂಕ್ರಾಂತಿಯ ದಿನ ಎಳ್ಳು ಬೀರಿ ಬಂದು, ತಟ್ಟೆ ಇಳಿಸುತ್ತ, “ಅಪ್ಪಾ, ನೀನು ಪಿಯುಸಿಯವ್ರಿಗೆಲ್ಲ ಸಮುದ್ರದ ಪಾಠ ಮಾಡ್ತೀಯ, ನಂಗೆ ತೋರ್ಸೇ ಇಲ್ವಲ್ಲ” ಎಂದಿದ್ದಳು. ನಿಜ. ಭೂಗೋಳದ ಉಪನ್ಯಾಸಕನಾಗಿ ಹದಿನೇಳು ವರ್ಷ ಉಬ್ಬರವಿಳಿತ, ಪ್ರವಾಹ, ಖಂಡಾವರಣ ಎಂದು ಬೋರ್ಡಿನ ಮೇಲೆ ಗೆರೆ ಎಳೆದಿದ್ದವನು ಸ್ವತಃ ಸಮುದ್ರ ನೋಡಿದ್ದು ಒಂದೇ ಸಲ, ಮೌಲ್ಯಮಾಪನಕ್ಕೆ ಮಂಗಳೂರಿಗೆ ಹೋದಾಗ, ಅರ್ಧ ಗಂಟೆ. ಉಷಾರಾಣಿ ಅಂದೇ ಫೋನಿನಲ್ಲಿ ಹುಡುಕತೊಡಗಿದಳು. ಏಪ್ರಿಲ್ ರಜೆಯಲ್ಲಿ ಮುಂಬೈನಿಂದ ಲಕ್ಷದ್ವೀಪದ ಕಡೆಗೆ ಐದು ದಿನ. ಹೋಗುವ ಕಂಪನಿಗಳು ಮೂರು. ಮೊದಲಿನವರು ನಯನಾಳ ವಿಷಯ ಕೇಳುತ್ತಿದ್ದಂತೆ ಫೋನಿನಲ್ಲಿ ಬಹಳ ಮೆದುವಾಗಿ, ಬೇರೆ ಪ್ರಯಾಣಿಕರ ಅನುಕೂಲವನ್ನೂ ನೋಡಬೇಕಲ್ಲ ಎಂದರು. ಉಳಿದವು ಎರಡು. ‘ಅಂಬರ್ ವೇವ್’ ಅನ್ನುವುದು ಹನ್ನೊಂದು ಅಂತಸ್ತಿನದು. ಮಕ್ಕಳಿಗೇ ಬೇರೆ ಕೋಣೆ, ನೋಡಿಕೊಳ್ಳುವವರು, ಜಾರುಬಂಡೆ, ಜೊತೆಗೆ ಹದಿನಾಲ್ಕು ಪ್ರಶ್ನೆಗಳ ಅರ್ಜಿ. ‘ಪೂರ್ವಸಾಗರ’ ಚಿಕ್ಕದು, ಹಳೆಯದು; ಮಕ್ಕಳಿಗೆಂದು ಏನೂ ಇಲ್ಲ, ಯಾರೂ ಏನೂ ಕೇಳುವುದಿಲ್ಲ.

ಯಾವುದೆಂದು ತೀರ್ಮಾನಿಸುವ ಮೊದಲು ಒಂದು ದಿನ ಹೊರಗೆ ಹೋಗಿ ನೋಡೋಣ ಎಂದವಳೂ ಉಷಾರಾಣಿಯೇ. ಬಸ್ಸು, ಜನಸಂದಣಿ, ಗದ್ದಲ, ಹೋಟೆಲಿನ ಊಟ, ಗೊತ್ತಿಲ್ಲದ ಶೌಚಾಲಯ, ಎಲ್ಲವೂ ಒಂದೇ ದಿನದಲ್ಲಿ. ಹಳೇಬೀಡು, ಬೇಲೂರು ನೋಡಿಕೊಂಡು ಹಾಸನದ ಮೇಲೆ ವಾಪಸು. ಕಾರು ಬೇಡ, ಕಾರಿನಲ್ಲಾದರೆ ಪರೀಕ್ಷೆಯೇ ಅಲ್ಲ ಎಂದಿದ್ದಳು. ಆ ಪರೀಕ್ಷೆ ಅನ್ನುವ ಮಾತನ್ನು ನಿನ್ನೆ ರಾತ್ರಿ ಅವಳು ಮತ್ತೆ ಎಷ್ಟು ಹುಮ್ಮಸ್ಸಿನಿಂದ ಆಡಿದಳೆಂದರೆ ಬಸವಕುಮಾರ ತಲೆ ಎತ್ತಲಿಲ್ಲ. ಅವನು ಆಗಲೇ ಉತ್ತರ ಬರೆದು ಕೊಟ್ಟಾಗಿತ್ತು.

ನಿನ್ನೆ ಸಂಜೆ ಕಾಲೇಜು ಮುಗಿಸಿ ಬರುವಾಗ ಬಿ.ಎಚ್. ರೋಡಿನಲ್ಲಿ ಸುನಿಲನ ಟ್ರಾವೆಲ್ಸ್ ಆಫೀಸಿಗೆ ಹೋಗಿದ್ದ. ಸುನಿಲ್ ಅವನದೇ ಹಳೆಯ ವಿದ್ಯಾರ್ಥಿ. ಧರ್ಮಸ್ಥಳ, ತಿರುಪತಿಗೆ ಬಸ್ ಮಾಡಿಸುತ್ತಿದ್ದವನು ಈಗ ಹಡಗು, ವಿಮಾನವನ್ನೂ ನೋಡುತ್ತಿದ್ದ. ಎರಡೂ ಕಂಪನಿಯ ಹಾಳೆಗಳನ್ನು ಮೇಜಿನ ಮೇಲೆ ಹರಡಿ, ತಲೆ ಕೆರೆದುಕೊಂಡು, “ಸಾರ್, ತಪ್ಪು ತಿಳ್ಕೋಬೇಡಿ. ಚಿಕ್ಕ ಪಾಪೂನ ಅವರಜ್ಜಿ ಹತ್ರ ಬಿಟ್ಟು ನೀವು ಮೂರು ಜನ ಹೋಗ್ಬನ್ನಿ. ದೊಡ್ಡ ಮಗೂಗೂ ಒಂದು ಖುಷಿ ಬೇಕಲ್ವಾ ಸಾರ್” ಎಂದ. ಆ ಮಾತನ್ನು ಬೇರೆ ಯಾರಾದರೂ ಆಡಲಿ ಎಂದು ತಾನು ಎಷ್ಟು ದಿನದಿಂದ ಕಾದಿದ್ದೆನೆಂಬುದು ಬಸವಕುಮಾರನಿಗೆ ಆಗ ತಿಳಿಯಿತು. ಸ್ವಾತಿಗೋಸ್ಕರ, ಅಂದುಕೊಂಡ. ಕಣಕಟ್ಟೆಯಲ್ಲಿ ಅಮ್ಮ ಇದ್ದಾಳೆ, ತೋಟ ಇದೆ, ನಯನಾಳಿಗೆ ಅಲ್ಲಿಯ ಪಂಪಿನ ಶಬ್ದ ಇಷ್ಟ, ಅಂದುಕೊಂಡ. ಹೀಗೆ ಒಂದೊಂದೇ ಕಾರಣವನ್ನು ಜೋಡಿಸುತ್ತಿರುವಾಗಲೇ ಅವನ ಬಾಯಿ, “ಮೂರೇ ಹಾಕು. ಮನೇಲಿ ನಾನು ಹೇಳ್ತೀನಿ” ಎಂದುಬಿಟ್ಟಿತ್ತು. ಸುನಿಲ್ ಎರಡೂ ಹಡಗಿನಲ್ಲಿ ಮೂರು ಜನಕ್ಕೆ ಜಾಗ ಹಿಡಿದಿಟ್ಟ. ಇವತ್ತು ಸಂಜೆಯೊಳಗೆ ಯಾವುದೆಂದು ಹೇಳಬೇಕು. ಮನೆಗೆ ಬಂದಾಗ ಉಷಾರಾಣಿ ಪುಟ್ಟ ಚೀಲಕ್ಕೆ ನಯನಾಳ ಬಟ್ಟೆ, ಟವೆಲು, ಕಿವಿಗೆ ಹಾಕುವ ದಪ್ಪ ಹೆಡ್‌ಫೋನು ತುಂಬುತ್ತಿದ್ದಳು. ಯಾವ ಹಡಗೆಂದು ನಾಳೆ ಸಂಜೆಯೊಳಗೆ ಸುನಿಲನಿಗೆ ಹೇಳಬೇಕಂತೆ ಎಂದಷ್ಟೇ ಅಂದ, ಮೂರು ಎಂದದ್ದನ್ನು ಹೇಳಲಿಲ್ಲ. ಬೆಳಿಗ್ಗೆ ಹೇಳೋಣವೆಂದು ಮಲಗಿದ, ಬೆಳಿಗ್ಗೆ ಬಸ್ಸು ಬಂತು.

ಹಳೇಬೀಡಿನಲ್ಲಿ ಇಳಿದಾಗ ಹತ್ತು ಗಂಟೆಯ ಬಿಸಿಲು. ನಯನಾ ಬಸ್ಸಿನಲ್ಲಿ ಅಳಲಿಲ್ಲ, ವಾಂತಿ ಮಾಡಲಿಲ್ಲ. ಉಷಾರಾಣಿ ಇಳಿಯುತ್ತಲೇ ಗಂಡನ ಮೊಣಕೈ ಹಿಂಡಿ, “ನೋಡಿದ್ರಾ!” ಎಂದಳು. ಭಾನುವಾರವಾದ್ದರಿಂದ ದೇವಸ್ಥಾನದ ಹುಲ್ಲುಹಾಸಿನ ತುಂಬ ಶಾಲೆಯ ಮಕ್ಕಳು, ಅವರನ್ನು ಸಾಲು ಹಿಡಿಸುತ್ತಿದ್ದ ಮೇಷ್ಟರುಗಳು. ಉಷಾರಾಣಿ ನಯನಾಳನ್ನು ಕರೆದುಕೊಂಡು ಗದ್ದಲದಿಂದ ದೂರ, ಕೆರೆ ಕಾಣುವ ಕಡೆ ನೆರಳಿನಲ್ಲಿ ಕೂತಳು. ಬಸವಕುಮಾರ ಸ್ವಾತಿಯ ಜೊತೆ ಗೋಡೆಯ ಸುತ್ತ ನಡೆದ. ಕೆಳಗಿನ ಸಾಲಿನಲ್ಲಿ ಆನೆಗಳು, ಒಂದರ ಬಾಲಕ್ಕೆ ಇನ್ನೊಂದರ ಸೊಂಡಿಲು; ಅದರ ಮೇಲೆ ಸಿಂಹ, ಬಳ್ಳಿ, ಕುದುರೆ. ಸಾವಿರ ಆನೆಗಳಲ್ಲಿ ಒಂದು ಇನ್ನೊಂದರಂತಿಲ್ಲವೆಂದು ಅವನು ಮಗಳಿಗೆ ಹೇಳಿದ. “ಇದೇ ಅಲ್ವಾಪ್ಪಾ ದೋರಸಮುದ್ರ?” ಎಂದಳು ಸ್ವಾತಿ, ಕೆರೆಯ ಕಡೆ ಕೈ ಮಾಡಿ. “ಕೆರೇಗೇ ಸಮುದ್ರ ಅಂತ ಹೆಸರಿಟ್ಕೊಂಡು ಸುಮ್ನಾಗ್ಬಿಟ್ರು ಪಾಪ.” ನಗುತ್ತ ಆನೆಗಳನ್ನು ಎಣಿಸಿಕೊಂಡು ಮುಂದೆ ಹೋದಳು. ಅವಳ ಜಡೆ ಬೆನ್ನಿನ ಮೇಲೆ ಆಡುವುದನ್ನು ನೋಡುತ್ತ, ಇವಳೊಬ್ಬಳೇ ಮಗಳಾಗಿದ್ದರೆ ಜೀವನದ ಎಲ್ಲ ದಿನಗಳೂ ಹೀಗೇ ಇರುತ್ತಿದ್ದವಲ್ಲ ಅನ್ನಿಸಿತು. ಅನ್ನಿಸಿದ್ದು ಹೊಸದಲ್ಲ. ನಯನಾಳಿಗೆ ಎರಡು ವರ್ಷವಾದಾಗ, ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲವೆಂದು ಗೊತ್ತಾದ ವಾರ, ಬಾಗಿಲ ಹಿಂದೆ ನಿಂತು ತಟ್ಟೆ ಬಡಿದು ಪರೀಕ್ಷಿಸುತ್ತಿದ್ದ ಆ ವಾರವೇ ಅದು ಮೊದಲ ಸಲ ಬಂದಿತ್ತು. ತಟ್ಟೆಯ ಶಬ್ದಕ್ಕೆ ಮಗು ಬೆಚ್ಚಿತ್ತು. ಕಿವಿ ಸರಿಯಿದೆ. ಹಾಗಾದರೆ ತಾನು ಕರೆದದ್ದೂ ಕೇಳಿಸಿದೆ. ಕೇಳಿಸಿಯೂ ತಿರುಗಲಿಲ್ಲ. ಅದನ್ನು ಅವನು ಯಾರಿಗೂ ಹೇಳದೆ ಒಂದು ಅವಮಾನವೆಂಬಂತೆ ಇಟ್ಟುಕೊಂಡಿದ್ದ. ಎರಡು ವರ್ಷದ ಕೂಸು ತನಗೆ ಮಾಡಿದ ಅವಮಾನ.

“ಸಾರ್, ಒಂದು ಫೋಟೋ ತೆಗೀತೀರಾ?” ಗಟ್ಟಿ ಮೈಯ ಮನುಷ್ಯನೊಬ್ಬ ಫೋನು ಚಾಚಿದ. ಹೆಂಡತಿ, ಒಂದೇ ಬಣ್ಣದ ಟೀ ಶರ್ಟು ತೊಟ್ಟ ಅವಳಿ ಹೆಣ್ಣುಮಕ್ಕಳು. ಬಸವಕುಮಾರ ತೆಗೆದುಕೊಟ್ಟ. ಹೆಸರು ಚನ್ನೇಶ್, ತಿಪಟೂರಿನಲ್ಲಿ ಕೊಬ್ಬರಿ ಮಂಡಿ. ಮಾತಿಗೆ ಮಾತು ಬೆಳೆದು, ರಜೆಗೆ ಎಲ್ಲಿಗೆ ಎಂದದ್ದಕ್ಕೆ ಬಸವಕುಮಾರ ಹಡಗಿನ ವಿಷಯ ಎತ್ತಿದ. ಚನ್ನೇಶನ ಮುಖ ಅರಳಿತು.

“ಅಂಬರ್ ವೇವಾ? ಹೋದ್ವರ್ಷ ನಾವು ಅದ್ರಲ್ಲೇ ಹೋಗಿದ್ದು ಕಣ್ರೀ! ಏನು ಹೇಳಾನ, ಬೆಳಗ್ಗೆ ಮಕ್ಕಳನ್ನ ಅವರ ಕೈಗೆ ಕೊಟ್ಬಿಟ್ರೆ ಮುಗೀತು, ಊಟಕ್ಕೇ ವಾಪಸ್ಸು. ನಾನೂ ನಮ್ಮನೆಯವ್ರೂ ಮದ್ವೆಯಾಗಿ ಹದ್ನಾಲ್ಕು ವರ್ಷಕ್ಕೆ ಕೂತ್ಕಂಡು ಮಾತಾಡಿದ್ದು ಅಲ್ಲೇಯ. ಕಣ್ಮುಚ್ಕಂಡು ಮಾಡ್ಸಿ. ಎಷ್ಟು ಜನ ಮಕ್ಳು ನಿಮ್ಗೆ?”

“ಒಬ್ಳೇ,” ಎಂದ ಬಸವಕುಮಾರ. ಆಚೆ ಗೋಡೆಯ ತಿರುವಿನಲ್ಲಿ ಬಾಗಿ ಆನೆ ನೋಡುತ್ತಿದ್ದ ಸ್ವಾತಿಯ ಕಡೆ ಗಲ್ಲ ತೋರಿಸಿದ. “ಅಗೋ, ಅಲ್ಲಿದಾಳೆ.”

ಎಷ್ಟು ಸುಲಭವಾಗಿತ್ತು! ಚನ್ನೇಶ್, “ಹಾಗಾರೆ ಇನ್ನೇನು, ಆರಾಮು” ಎಂದ. ನಾಲ್ಕು ನಿಮಿಷ ಬಸವಕುಮಾರ ಒಬ್ಬ ಮಗಳ ತಂದೆಯಾಗಿ, ಡೆಕ್ಕಿನ ಮೇಲಿನ ಊಟ, ಅಲೆಗೆ ತಲೆಸುತ್ತು ಬಂದರೆ ಏನು ಮಾಡಬೇಕು, ಯಾವ ಅಂತಸ್ತಿನಲ್ಲಿ ಕೋಣೆ ಒಳ್ಳೆಯದು ಎಂದೆಲ್ಲ ಕೇಳಿದ. ಆ ನಾಲ್ಕು ನಿಮಿಷ ಅವನ ಬೆನ್ನು ನೆಟ್ಟಗಿತ್ತು. ಬೀಳ್ಕೊಂಡು ಕೆರೆಯ ಕಡೆ ನಡೆಯುವಾಗ, ನೆರಳಿನಲ್ಲಿ ಉಷಾರಾಣಿ ಬಾಳೆಹಣ್ಣನ್ನು ಚೂರು ಚೂರು ಮಾಡಿ ಮಗಳ ಬಾಯಿಗೆ ಇಡುತ್ತಿರುವುದು ಕಂಡಿತು. ಒಂಬತ್ತು ವರ್ಷದವಳಿಗೆ. ಆ ತಿಪಟೂರಿನವರು ಈ ಕಡೆ ಬರದಿರಲಿ ಎಂದು ಅವನು ಹಿಂತಿರುಗಿ ನೋಡಿದ. ಅವರು ಕಾರು ಹತ್ತುತ್ತಿದ್ದರು.

ಬೇಲೂರಿಗೆ ಮತ್ತೊಂದು ಬಸ್ಸು. ಗೋಪುರದ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಾಗ ಹೊತ್ತು ನೆತ್ತಿಯ ಮೇಲೆ ಬಂದಿತ್ತು, ಅಂಗಳದ ಕಲ್ಲು ಕಾದ ಕಾವಲಿಯಾಗಿತ್ತು. ಹಾಸಿದ್ದ ನಾರಿನ ಚಾಪೆಯ ಮೇಲೆ ಜನ ಒಬ್ಬರ ಹಿಂದೊಬ್ಬರು ಓಡುತ್ತಿದ್ದರು. ನಯನಾ ಕಾಲು ಸುಟ್ಟರೂ ಓಡಲಿಲ್ಲ, ಕಲ್ಲಿನ ಸಂದಿಗಳನ್ನು ತುಳಿಯದಂತೆ ಒಂದೊಂದೇ ಹೆಜ್ಜೆ ಎತ್ತಿ ಇಟ್ಟಳು. ದೇವಸ್ಥಾನದ ಮೆಟ್ಟಿಲ ಹತ್ತಿರ ಬಂದಾಗ ಉಷಾರಾಣಿಗೆ ಹೊಳೆಯಿತು: ನೀರಿನ ಬಾಟಲಿ, ಹೆಡ್‌ಫೋನಿದ್ದ ಚೀಲ ಚಪ್ಪಲಿ ಬಿಟ್ಟ ಅಂಗಡಿಯಲ್ಲೇ ಉಳಿದಿದೆ. “ಒಂದ್ನಿಮಿಷ ಹಿಡ್ಕೊಂಡಿರಿ, ಬಂದೆ. ಒಳಗೆ ತಂಪಾಗಿರತ್ತೆ, ಕಂಬದ ಹತ್ರ ನಿಂತ್ಕೊಳ್ಳಿ” ಎಂದು ಓಡಿದಳು. ಸ್ವಾತಿ ಅಮ್ಮನ ಫೋನು ಹಿಡಿದು ಹೊರಗಿನ ಶಿಲಾಬಾಲಿಕೆಯರ ಚಿತ್ರ ತೆಗೆಯುತ್ತ ದೇವಸ್ಥಾನದ ಸುತ್ತಲಿನ ಜಗತಿಯ ಕಟ್ಟೆಯ ಮೇಲೆ ಉಳಿದಳು. ಬಸವಕುಮಾರ ನಯನಾಳ ಕೈ ಹಿಡಿದು ಹೊಸ್ತಿಲು ದಾಟಿದ.

ಒಳಗೆ ಕತ್ತಲು, ಎಣ್ಣೆಯ ವಾಸನೆ, ಜನರ ಮೈಯ ಬಿಸಿ. ನಯನಾ ನುಣ್ಣಗಿನ ಕಂಬಕ್ಕೆ ಕೆನ್ನೆ ಒತ್ತಿ ನಿಂತಳು. ಹಾಗೆ ನಿಂತಾಗ ಅವಳ ಮುಖ ಯಾರ ಮಗುವಿನ ಮುಖದಂತೆಯೂ ಇತ್ತು, ಸುಂದರವಾಗಿತ್ತು. ಒಳ್ಳೆಯ ಮನಸ್ಸಿನ ಒಂದು ಗಳಿಗೆ ಅವನಿಗೆ ಬಂತು. ಸುನಿಲನಿಗೆ ಫೋನ್ ಮಾಡಿ ನಾಲ್ಕು ಎಂದುಬಿಡೋಣ ಎಂದುಕೊಂಡ. ಆಗ ಮಂಗಳಾರತಿಯ ಹೊತ್ತಾಯಿತು. ಮೂಲೆಯಲ್ಲಿದ್ದ, ಮೋಟಾರಿನಿಂದ ನಗಾರಿ ಗಂಟೆ ಬಾರಿಸುವ ಯಂತ್ರಕ್ಕೆ ಯಾರೋ ಸ್ವಿಚ್ಚು ಒತ್ತಿದರು.

ಮೊದಲು ಅವಳು ಅವನ ಕೈಯನ್ನು ಕಚ್ಚಿದಳು. ಅವನು ಕೈ ಬಿಟ್ಟ. ನೋವಿಗೆ ಬಿಟ್ಟದ್ದು ಅಂತ ಆಮೇಲೆ ತನಗೇ ಹೇಳಿಕೊಳ್ಳಬಹುದಿತ್ತು, ಆದರೆ ಅಷ್ಟು ನೋವಿರಲಿಲ್ಲ. ಅವಳು ಹೊಸ್ತಿಲಿನ ಕಡೆ ಓಡಿ, ಒಳಬರುವವರ ಕಾಲುಗಳಿಗೆ ಸಿಕ್ಕಿ, ಅಲ್ಲೇ ಬಾಗಿಲಿಗಡ್ಡ ನೆಲಕ್ಕೆ ಬಿದ್ದಳು. ತಲೆಯನ್ನು ಕಲ್ಲಿಗೆ ಒಂದು ಸಲ, ಎರಡು ಸಲ ಬಡಿದುಕೊಂಡು ಕಿರುಚತೊಡಗಿದಳು. “ದಯವಿಟ್ಟು ಗಮನಿಸಿ! ದಯವಿಟ್ಟು ಗಮನಿಸಿ! ದಯವಿಟ್ಟು ಗಮನಿಸಿ!” ನಗಾರಿಯ ಸದ್ದನ್ನು ಸೀಳಿಕೊಂಡು ಆ ವಾಕ್ಯ ಕಂಬಕಂಬಕ್ಕೂ ಬಡಿಯಿತು. ಜನ ಹಿಂದೆ ಸರಿದು ಸುತ್ತ ಜಾಗ ಬಿಟ್ಟರು. ಒಬ್ಬ ಹೆಂಗಸು, “ಏನೋ ಮೈಮೇಲೆ ಬಂದೈತೆ” ಎಂದಳು. ಕಾವಲಿನವನು ಕೋಲು ಹಿಡಿದು ನುಗ್ಗಿ ಬಂದ. “ಯಾರ್ದ್ರೀ ಇದು ಮಗು? ಅಪ್ಪ ಅಮ್ಮ ಯಾರ್ರೀ ಇದಕ್ಕೆ?”

ಬಸವಕುಮಾರ ಎರಡು ಹೆಜ್ಜೆ ದೂರದಲ್ಲಿದ್ದ. ಒಂದು ಹೆಜ್ಜೆ ಇಟ್ಟೂ ಇದ್ದ. ಆಗ ಬಾಗಿಲ ಬೆಳಕಿಗೆ ಎದುರಾಗಿ, ಅವಳಿ ಮಕ್ಕಳ ಹೆಗಲು ಹಿಡಿದುಕೊಂಡು ಚನ್ನೇಶ್ ನಿಂತಿದ್ದು ಕಂಡಿತು. ಚನ್ನೇಶನಿಗೂ ಇವನು ಕಂಡ. ಗುರುತಿನ ನಗೆ ನಕ್ಕು, ನೆಲದ ಕಡೆ ಹುಬ್ಬು ಹಾರಿಸಿ, “ಯಾರ ಮಗೂನೋ ಪಾಪ, ಅಲ್ವಾ ಸಾರ್?” ಎಂದ.

“ಗೊತ್ತಿಲ್ಲ,” ಎಂದ ಬಸವಕುಮಾರ.

ಹೇಳಿದ ಮೇಲೆ ಅಲ್ಲಿ ನಿಂತಿರುವುದು ಬಿಟ್ಟು ಬೇರೇನೂ ಸಾಧ್ಯವಿರಲಿಲ್ಲ. ಎಷ್ಟು ಹೊತ್ತು? ಮಂಗಳಾರತಿ ಮುಗಿಯುವಷ್ಟು ಹೊತ್ತು. ಇತರರು ನೋಡುವಂತೆಯೇ ಅವನೂ ನೋಡಿದ. ಲಂಗದ ಕೆಳಗೆ ಬಡಿಯುತ್ತಿರುವ ಸಣ್ಣ ಹಿಮ್ಮಡಿಗಳು, ಬಾಯ ಅಂಚಿನ ನೊರೆ, ಜುಟ್ಟಿನಿಂದ ಕಳಚಿ ಬಿದ್ದ ಹಳದಿ ಕ್ಲಿಪ್ಪು. ಯಾರ ಮಗು ಇದು ಎಂದು ನಿಜವಾಗಿಯೂ ಒಂದು ಕ್ಷಣ ಅವನಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದರಲ್ಲಿ ಒಂದು ತಂಪಿತ್ತು. ಕೆಳಗೆ ಬಗ್ಗಿದವನು ಚನ್ನೇಶ್. ತಲೆ ಕಲ್ಲಿಗೆ ಬಡಿಯದಂತೆ ತನ್ನ ದಪ್ಪ ಅಂಗೈಯನ್ನು ಮಗುವಿನ ತಲೆಯ ಕೆಳಗೆ ಇಟ್ಟ. ಅವಳು ಬಡಿದಾಗ ಅವನ ಬೆರಳ ಗಂಟುಗಳು ಕಲ್ಲಿಗೆ ಜಜ್ಜಿದವು. “ನೀರು ತತ್ತಾ” ಎಂದು ಹೆಂಡತಿಗೆ ಕೂಗಿದ.

ಉಷಾರಾಣಿ ಜನರನ್ನು ಸೀಳಿಕೊಂಡು ಬಂದಳು. ಯಾರನ್ನೂ ನೋಡಲಿಲ್ಲ, ಕೇಳಲಿಲ್ಲ. ಸೀರೆಯೊಂದಿಗೆ ನೆಲದ ಮೇಲೆ ಉದ್ದಕ್ಕೆ ಮಲಗಿ, ಮಗಳನ್ನು ಬೆನ್ನ ಕಡೆಯಿಂದ ಗಟ್ಟಿಯಾಗಿ ಅಪ್ಪಿ, ಕಿವಿಗೆ ಹೆಡ್‌ಫೋನು ಹಾಕಿ, ಹಾಗೆಯೇ ಇದ್ದಳು. ದೇವರ ದರ್ಶನಕ್ಕೆ ಬಂದವರೆಲ್ಲ ನೆಲದ ಮೇಲೆ ಮಲಗಿದ್ದ ಅವಳನ್ನು ನೋಡಿದರು. ಯಂತ್ರ ನಿಂತಿತು. ನಯನಾಳ ಕಿರುಚಾಟ ಬಿಕ್ಕಾಗಿ, ಬಿಕ್ಕು ಉಸಿರಾಗಿ ಇಳಿಯಿತು. ಎದ್ದು ಕೂತ ಉಷಾರಾಣಿ ಸುತ್ತ ಕಣ್ಣಾಡಿಸಿ, “ಏನ್ರೀ, ಇಲ್ಲೇ ಇದ್ದೀರಲ್ಲ! ಹಿಡ್ಕೊಳ್ಳಿ ಇವಳನ್ನ, ಸೆರಗು ಸರಿ ಮಾಡ್ಕೋತೀನಿ” ಎಂದಳು. ನಯನಾ ಎದ್ದು ನೇರ ಬಂದು ಅಪ್ಪನ ಅಂಗಿಯ ತುದಿಯಲ್ಲಿ ಮೂಗು ಒರೆಸಿಕೊಂಡಳು. ಚನ್ನೇಶ್ ಮೊಣಕಾಲ ಮೇಲೆ ಕೂತೇ ಇದ್ದ. ಒಮ್ಮೆ ಬಸವಕುಮಾರನನ್ನು ನೋಡಿದ, ಒಮ್ಮೆ ಮಗುವನ್ನು. ಅವನ ಮುಖದಲ್ಲಿ ಸಿಟ್ಟಿನ ಒಂದು ಗೆರೆ ಮೂಡಿದ್ದರೂ ಬಸವಕುಮಾರನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಮೂಡಲಿಲ್ಲ. ನೆಲದಿಂದ ಕ್ಲಿಪ್ಪನ್ನು ಹೆಕ್ಕಿ, ಪಂಚೆಗೆ ಒರೆಸಿ, “ತಗಳಿ ಸಾರ್, ಪಾಪೂದು” ಎಂದು ಕೈಗಿಟ್ಟು, ತನ್ನ ಮಕ್ಕಳನ್ನು ಬೇರೆ ಬಾಗಿಲಿನ ಕಡೆ ಕರೆದುಕೊಂಡು ಹೋದ. ಅವನು ಸರಿದು ಹೋದ ಜಾಗದಲ್ಲಿ, ಹೊಸ್ತಿಲಿನ ಆಚೆ, ಫೋನನ್ನು ಎದೆಗೆ ಹಿಡಿದುಕೊಂಡು ಸ್ವಾತಿ ನಿಂತಿದ್ದಳು.

ದೇವಸ್ಥಾನದ ಎದುರಿನ ಹೋಟೆಲಿನಲ್ಲಿ ಉಷಾರಾಣಿ ಗೆಲುವಾಗಿದ್ದಳು. ಮಗಳ ಹಣೆಯಲ್ಲಿ ಊದಿದ ಬೋರೆಗೆ ಲೋಟದ ತಣ್ಣನೆಯ ತಳ ಒತ್ತುತ್ತ ಲೆಕ್ಕ ಹಾಕಿದಳು. ಎರಡು ಬಸ್ಸು, ಸರಿಯಾಯ್ತು. ಹಳೇಬೀಡಲ್ಲಿ ಒಂದು ಗಂಟೆ, ಸರಿಯಾಯ್ತು. ಶೌಚಾಲಯ, ಸರಿಯಾಯ್ತು. ಆ ಹಾಳು ಯಂತ್ರ ಒಂದು ಇಲ್ಲದಿದ್ದರೆ! “ಅದೂ ಹೆಡ್‌ಫೋನ್ ಮರೆತ ನನ್ನ ತಪ್ಪು. ಅವಳದ್ದೇನೂ ಇಲ್ಲ ಕಣ್ರೀ. ಹೋಗ್ಬೋದು ನಾವು. ನಾಲ್ಕು ಜನ್ವೂ ಹೋಗ್ಬೋದು.” ಅವಳ ಕಣ್ಣು ತುಂಬಿತ್ತು. ಬಸವಕುಮಾರ ಕೈ ತೊಳೆಯಲು ಎದ್ದ. ಹಿಂದೆಯೇ ಸ್ವಾತಿ ಬಂದಳು. ತೊಟ್ಟಿಯ ಮುಂದೆ ಇಬ್ಬರೂ ಕನ್ನಡಿಯಲ್ಲಿ ಅಕ್ಕಪಕ್ಕ ನಿಂತರು.

“ಯಾಕಪ್ಪಾ?” ಎಂದಳು.

“ಏನು ಯಾಕೆ?”

“ಆ ಅಂಕಲ್ ಕೇಳಿದ್ದಕ್ಕೆ.”

“ಯಾವ ಅಂಕಲ್? ಆ ಗಲಾಟೇಲಿ ನನಗೇನೂ ಕೇಳಿಸ್ಲಿಲ್ಲ ಕಣೇ,” ಎಂದ. ಹೇಳುತ್ತ ಸೋಪಿಗೆ ಕೈ ಚಾಚಿದ. ಸ್ವಾತಿ ಕನ್ನಡಿಯಿಂದ ಕಣ್ಣು ತೆಗೆದು, ಇನ್ನೂ ಒದ್ದೆಯಾಗದ ತನ್ನ ಕೈಗಳನ್ನು ಟವೆಲಿಗೆ ಒರೆಸಿಕೊಂಡು ಹೋದಳು. ಮೇಜಿಗೆ ಹೋದವಳು ಅಮ್ಮನಿಗೆ ಹೇಳುತ್ತಾಳೆ ಎಂದು ಅವನು ನಲ್ಲಿ ತಿರುಗಿಸಿಕೊಂಡೇ ನಿಂತಿದ್ದ. ಹಿಂದಿನಿಂದ ಯಾರೋ, “ಆಯ್ತಾ ಯಜಮಾನ್ರೇ?” ಎಂದರು. ಅವಳು ಹೇಳಿರಲಿಲ್ಲ. ಅವನು ಬಂದು ಕೂತಾಗ ತಂಗಿಗೆ ಮೊಸರನ್ನ ಕಲಸಿ ಕೊಡುತ್ತಿದ್ದಳು. ಹೇಳಿಬಿಟ್ಟಿದ್ದರೆ ಚೆನ್ನಾಗಿತ್ತು. ಹದಿಮೂರು ವರ್ಷದ ಹುಡುಗಿ ತನ್ನ ಅಪ್ಪನ ಮಾನವನ್ನು ಬಾಯೊಳಗೆ ಮುಚ್ಚಿಟ್ಟುಕೊಂಡು ಅನ್ನ ಕಲಸುವುದನ್ನು ನೋಡುವುದು ಅವನಿಂದಾಗಲಿಲ್ಲ. ಬಿಲ್ಲಿನ ನೆಪದಲ್ಲಿ ಮತ್ತೆ ಎದ್ದ.

ಹಾಸನದ ಬಸ್ಸಿನಲ್ಲಿ ಬೆಳಗಿನ ಹಾಗೆಯೇ ಕೂತರು. ಹಗರೆಯಲ್ಲಿ ಬಸ್ಸು ನಿಂತಿತು. ಚಹಾ ಕುಡಿಯಲು ಡ್ರೈವರು ಇಳಿದ. ಎಂಜಿನ್ನು ಆರಿದ ಮೇಲೆ ರಸ್ತೆ ಬದಿಯಲ್ಲಿ ಹಾಲಿನ ಕ್ಯಾನು ಉರುಳಿಸುವ ಸದ್ದು, ಎಮ್ಮೆಯೊಂದರ ಕೂಗು ಮಾತ್ರ ಉಳಿದವು. ಉಷಾರಾಣಿ ತಿರುಗಿ, “ಸುನಿಲ್‌ಗೆ ಫೋನ್ ಮಾಡ್ರಿ, ಸಂಜೆಯೊಳಗೆ ಹೇಳ್ಬೇಕು ಅಂದಿದ್ನಲ್ಲ” ಎಂದಳು.

“ಸಿಗ್ನಲ್ ಇಲ್ಲ. ಊರಿಗೆ ಹೋಗಿ ಮಾಡಾಣ.”

“ನನ್ನ ಫೋನಲ್ಲಿದೆ,” ಎಂದು ಅವಳೇ ಒತ್ತಿದಳು. ನಯನಾಳ ತಲೆ ತೋಳಿನ ಮೇಲಿದ್ದುದರಿಂದ ಕಿವಿಗೆ ಹಿಡಿಯಲಾಗದೆ ಸ್ಪೀಕರಿಗೆ ಹಾಕಿ ಮಡಿಲಲ್ಲಿಟ್ಟುಕೊಂಡಳು. ಬಸವಕುಮಾರ ಕೈ ಚಾಚಬಹುದಿತ್ತು. ಚಾಚಲಿಲ್ಲ. ಆಗುವುದು ಆಗಿಹೋಗಲಿ ಎಂದು ಒಳಗೆ ಒಂದು ದನಿ ಬೇಡಿಕೊಳ್ಳುತ್ತಿತ್ತು.

“ಮೇಡಂ, ನಮಸ್ಕಾರ! ಯಾವ್ದು ಮಾಡ್ಲಿ, ಅಂಬರ್ ವೇವಾ, ಪೂರ್ವಸಾಗರಾನಾ? ಎರಡ್ರಲ್ಲೂ ಮೂರು ಜನಕ್ಕೆ ಹಿಡ್ದಿಟ್ಟಿದೀನಿ, ಸಾರ್ ಹೇಳ್ದಂಗೇ.”

“ಮೂರಲ್ಲ ಸುನಿಲ್, ನಾಲ್ಕು.”

“ಅಲ್ಲ ಮೇಡಂ, ಸಾರ್ ನಿನ್ನೆ ಬಂದಿದ್ರಲ್ಲ. ದೊಡ್ಡೋರು ಇಬ್ರು, ದೊಡ್ಡ ಮಗಳು ಒಬ್ಳು. ಚಿಕ್ಕ ಪಾಪು ಕಣಕಟ್ಟೇಲಿ ಅಜ್ಜಿ ಹತ್ರ ಇರತ್ತೆ ಅಂತ... ಸಾರ್ ಹೇಳ್ಲಿಲ್ವಾ?”

ಉಷಾರಾಣಿ ತಿರುಗಲಿಲ್ಲ. ಹಿಂದಿನ ಸೀಟಿನಿಂದ ಅವನಿಗೆ ಕಾಣುತ್ತಿದ್ದುದು ಅವಳ ಕುತ್ತಿಗೆ, ನೆಲದ ಮೇಲೆ ಮಲಗಿದ್ದಾಗ ಕೂದಲಿಗೆ ಅಂಟಿಕೊಂಡ ಕುಂಕುಮದ ಪುಡಿ. ಅವಳು ಅಳುತ್ತಾಳೆ, ಅಥವಾ ಬಸ್ಸಿನ ಜನರ ಮುಂದೆಯೇ ಕೂಗಾಡುತ್ತಾಳೆ ಎಂದು ಕಾದ. ಹಾಲಿನ ಕ್ಯಾನು ಇನ್ನೊಂದು ಉರುಳಿತು. ಪಕ್ಕದಲ್ಲಿ ಸ್ವಾತಿ ಕಿಟಕಿಯ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

“ಹಲೋ? ಮೇಡಂ?”

“ಮೂರೇ ಇರ್ಲಿ ಸುನಿಲ್,” ಎಂದಳು ಉಷಾರಾಣಿ. ದನಿ ತರಕಾರಿಯವನ ಹತ್ತಿರ ಮಾತಾಡುವಷ್ಟೇ ಸಮನಾಗಿತ್ತು. “ಹೆಸರು ಬರ್ಕೊಳ್ಳಿ. ಉಷಾರಾಣಿ. ಸ್ವಾತಿ. ನಯನಾ.”

“ಯಾವ ಹಡಗು ಮೇಡಂ?”

“ಅರ್ಜಿ ಕೊಟ್ಟಿದ್ದಾರಲ್ಲ, ಅವರದ್ದು. ಮಗು ಹೇಗೆ ಅಂತ ಕೇಳೋರೇ ವಾಸಿ. ಎಲ್ಲಾ ನಿಜ ಬರೀತೀನಿ, ಬೇಡ ಅಂದ್ರೆ ಅನ್ಲಿ.” ಫೋನು ಆರಿಸಿದಳು. ಆಮೇಲೆ, ಇನ್ನೂ ಮುಂದೆ ನೋಡುತ್ತಲೇ, ಗಂಡನಿಗೆ ಹೇಳಿದಳು: “ಆ ಐದು ದಿನ ನೀವು ಕಣಕಟ್ಟೆಗೆ ಹೋಗಿರಿ. ಅತ್ತೆಗೂ ಜೊತೆಯಾಗತ್ತೆ.”

“ಉಷಾ, ನಾನು ಹೇಳ್ಬೇಕು ಅಂತಲೇ...”

“ಬೇಡ ಕಣ್ರೀ.” ಅಷ್ಟೇ. ಸಿಟ್ಟಿರಲಿಲ್ಲ, ದಣಿವಿತ್ತು. ಏಳು ವರ್ಷ ಒಂದೇ ಮನೆಯಲ್ಲಿ ತಾನು ಮುಚ್ಚಿಟ್ಟುಕೊಂಡಿದ್ದೇನೆ ಎಂದುಕೊಂಡಿದ್ದದ್ದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು, ಗೊತ್ತಿದ್ದೂ ಅದರ ಮೇಲೆ ದಿನದಿನವೂ ಅನ್ನ ಬಡಿಸಿದ್ದಳು ಎಂಬುದು ಆ ಎರಡು ಮಾತಿನಿಂದ ಬಸವಕುಮಾರನಿಗೆ ತಿಳಿಯಿತು. ಸ್ವಾತಿ ಎದ್ದು ನಿಂತಳು. “ಅಮ್ಮಾ, ನಾನು ನಿನ್ನ ಹತ್ರ ಕೂತ್ಕೋತೀನಿ.” ಎರಡೇ ಜನರ ಸೀಟು. ಉಷಾರಾಣಿ ಅರೆನಿದ್ದೆಯ ನಯನಾಳನ್ನು ಎಬ್ಬಿಸಿ ಹಿಂದಕ್ಕೆ ದಾಟಿಸಿದಳು. ಸ್ವಾತಿ ಅಮ್ಮನ ಪಕ್ಕ ಕೂತು ಅವಳ ಹೆಗಲಿಗೆ ಹಣೆ ಇಟ್ಟಳು. ಆಗ ಹೇಳಿರಬೇಕು, ಅಥವಾ ಹೇಳಲಿಲ್ಲವೋ. ಬಸ್ಸು ಹೊರಟಿದ್ದರಿಂದ ಅವನಿಗೆ ಕೇಳಿಸಲಿಲ್ಲ.

ಹೊಲಗಳು ಹಿಂದಕ್ಕೆ ಸರಿದವು. ನಾಚಿಕೆಗಾಗಿ ಅವನು ಕಾದ. ಅದು ಬರುತ್ತದೆ, ಬಂದು ತನ್ನನ್ನು ಹಿಂಡುತ್ತದೆ, ಆಮೇಲೆ ಏನಾದರೂ ಮಾಡಬಹುದು, ಕಾಲಿಗೆ ಬೀಳಬಹುದು, ಹಾಸನದಲ್ಲಿ ಇಳಿದ ತಕ್ಷಣ ನಾಲ್ಕನೆಯ ಹೆಸರು ಸೇರಿಸಬಹುದು ಎಂದುಕೊಂಡ. ಬಂದದ್ದು ಅದಲ್ಲ. ಮನೆಯಲ್ಲಿ ಐದು ದಿನ ಯಾರೂ ಇರುವುದಿಲ್ಲ ಎಂಬ ಯೋಚನೆ ಬಂತು. ಕಣಕಟ್ಟೆಗೂ ಹೋಗಬೇಕಾಗಿಲ್ಲ. ಬಾಗಿಲು ಹಾಕಿಕೊಂಡು, ಫ್ಯಾನಿನ ಕೆಳಗೆ, ಯಾರ ಕಡೆಗೂ ನಗದೆ ಮಲಗಿರಬಹುದು. ಎದೆಯೊಳಗೆ ಏನೋ ಸಡಿಲವಾಗಿ ಇಳಿಯಿತು. ಅದು ಸುಖವೆಂದು ಗುರುತು ಹತ್ತಿದಾಗ ಬಸವಕುಮಾರ ಹೆದರಿದ. ಪಕ್ಕದಲ್ಲಿ ನಯನಾ ನಿದ್ದೆಗೆ ಜಾರಿ, ಬಾಯಿ ತೆರೆದುಕೊಂಡು, ಅವನ ತೋಳಿನ ಮೇಲೆ ಒರಗಿದಳು. ಏನೂ ಆಗದವಳಂತೆ, ತನ್ನ ಪೂರ್ತಿ ಭಾರ ಬಿಟ್ಟು ಮಲಗಿದಳು. ತೋಳು ಜೋಮು ಹಿಡಿಯುತ್ತ ಬಂತು. ಹಾಸನ ಬರುವವರೆಗೂ ಅವನು ಅದನ್ನು ಅಲುಗಿಸಲಿಲ್ಲ. ಅಲುಗಿಸದೆ ಇರುವುದು ಪ್ರೀತಿಯೋ, ಅವಳು ಎಚ್ಚರಗೊಂಡರೆ ಎಂಬ ಭಯವೋ ಎಂದು ಕೇಳಿಕೊಳ್ಳಲೂ ಇಲ್ಲ.